ಮೂಗಿಗೆ ಸಿಗದ ಬೆಳ್ಳುಳ್ಳಿ

ಅಹಮದಾಬಾದಿನಲ್ಲಿ ಬೆಳ್ಳುಳ್ಳಿ ಮಾತ್ರೆ ನುಂಗಲು ಒಪ್ಪುವವರನ್ನು ಹುಡುಕುವುದು ಇಷ್ಟು ಕಷ್ಟ ಎಂದು ಆ ಕೆಲಸ ಒಪ್ಪಿಕೊಳ್ಳುವಾಗ ನನಗೆ ಯಾರೂ ಹೇಳಿರಲಿಲ್ಲ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಮೇಜು ಹಾಕಿಕೊಂಡು ಕುಳಿತ ಮೊದಲ ದಿನ ಹನ್ನೊಂದು ಜನರೊಂದಿಗೆ ಮಾತಾಡಿದೆ. ಎಲ್ಲರಿಗೂ ರಕ್ತದೊತ್ತಡ ಇತ್ತು. ಎಲ್ಲರೂ ನಗುನಗುತ್ತಾ ಮಾತಾಡಿಸಿದರು. ಇಬ್ಬರು ಮನೆಯಿಂದ ತಂದಿದ್ದ ಥೇಪ್ಲಾ ಕೊಟ್ಟು ತಿನ್ನುವವರೆಗೂ ಬಿಡಲಿಲ್ಲ. ಸಹಿ ಹಾಕಿದವರು ಮಾತ್ರ ಒಬ್ಬರೇ.

ನಮ್ಮ ಕಂಪನಿ ಔಷಧ ತಯಾರಕರ ಪರವಾಗಿ ಆಸ್ಪತ್ರೆಗಳಲ್ಲಿ ಪರೀಕ್ಷೆಗಳನ್ನು ನಡೆಸಿಕೊಡುತ್ತದೆ. ಈ ಬೆಳ್ಳುಳ್ಳಿ ಪರೀಕ್ಷೆಯ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಿತ್ತು. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಕಡೆ ರಕ್ತದೊತ್ತಡ ಇದ್ದು, ಮೂತ್ರದಲ್ಲಿ ಪ್ರೋಟೀನು ಈಗಷ್ಟೇ ಸೋರಲು ಶುರುವಾಗಿರುವವರನ್ನು ಆರಿಸಬೇಕು. ಅವರು ದಿನಾ ತೆಗೆದುಕೊಳ್ಳುವ ಬಿಪಿ ಮಾತ್ರೆ ನಿಲ್ಲಿಸುವ ಹಾಗಿಲ್ಲ. ಅದರ ಜೊತೆಗೆ ಅರ್ಧ ಜನರಿಗೆ ಬೆಳ್ಳುಳ್ಳಿ ಪುಡಿಯ ಮಾತ್ರೆ, ಇನ್ನರ್ಧ ಜನರಿಗೆ ನೋಡಲು ಹಾಗೇ ಇರುವ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ಗುಟ್ಟು ಮುಚ್ಚಿದ ಲಕೋಟೆಗಳಲ್ಲಿ ನಮ್ಮ ಸುರಕ್ಷತಾ ವೈದ್ಯೆಯ ಬಳಿ ಇರುತ್ತದೆ. ಬೆಳ್ಳುಳ್ಳಿ ಬಿಪಿಗೆ ಒಳ್ಳೆಯದು ಎಂದು ನಮ್ಮ ಮೈಸೂರಿನಲ್ಲೂ ಹೇಳುತ್ತಾರೆ, ಇಲ್ಲೂ ಹೇಳುತ್ತಾರೆ. ಸ್ವಲ್ಪ ಮಟ್ಟಿಗೆ ಇಳಿಸಬಹುದು ಎನ್ನಲು ಆಧಾರಗಳೂ ಇವೆ. ಮೂತ್ರಪಿಂಡದ ವಿಷಯದಲ್ಲಿ ಮಾತ್ರ ಹೇಳಿದವರು ಹೆಚ್ಚು, ಅಳೆದವರು ಕಡಿಮೆ.

ಆ ಮೊದಲ ದಿನ ಒಪ್ಪದವರಲ್ಲಿ ಒಬ್ಬರು ನಿವೃತ್ತ ಗಣಿತ ಶಿಕ್ಷಕಿ. ಒಪ್ಪಿಗೆ ಪತ್ರವನ್ನು ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೆ ಓದಿದರು, ಎರಡು ಕಡೆ ಕಾಗುಣಿತದ ತಪ್ಪು ತೋರಿಸಿದರು, ಆಮೇಲೆ ಪತ್ರ ವಾಪಸ್ಸು ಕೊಟ್ಟು, ನಾವು ಅಕ್ಕ ಎನ್ನುವ ಹಾಗೆ ಇಲ್ಲಿನವರು ಹೆಂಗಸರಿಗೆ ಹೇಳುವ 'ಬೆನ್' ಸೇರಿಸಿ ಮಾತಾಡಿದರು.

"ಬೆನ್, ಈರುಳ್ಳಿ ಬೆಳ್ಳುಳ್ಳಿ, ಕಾಂದಾ-ಲಸಣ್, ನಮ್ಮ ಮನೆಯೊಳಗೆ ಬಂದೇ ಇಲ್ಲ. ಮಾತ್ರೆಯೊಳಗೆ ಅಡಗಿಕೊಂಡು ಬಂದರೂ ಅದು ಲಸಣವೇ ಅಲ್ಲವಾ?"

"ಅರ್ಧ ಜನರಿಗೆ ಬರೀ ಹಿಟ್ಟು, ಬೆನ್."

"ನಾನು ಯಾವ ಅರ್ಧ ಅಂತ ನಿಮಗೇ ಗೊತ್ತಿಲ್ಲ ಅಂದಿರಿ. ಹಿಟ್ಟು ಅಂದುಕೊಂಡು ಲಸಣ್ ತಿನ್ನೋದು ನನ್ನ ಲೆಕ್ಕಕ್ಕೆ ಕೂಡಲ್ಲ." ಎದ್ದು ಹೋಗುವಾಗ ತಮ್ಮ ಫೋನ್ ನಂಬರು ಬರೆದು ಕೊಟ್ಟರು. "ಬೇರೆ ಏನಾದರೂ ಸಹಾಯ ಬೇಕಿದ್ದರೆ ಕೇಳಿ. ಮನೆಯಲ್ಲಿ ಸುಮ್ಮನೆ ಕೂತಿರ್ತೀನಿ."

ಸೂರತ್ತಿನ ಕಥೆ ಪೂರ್ತಿ ಉಲ್ಟಾ. ಅಲ್ಲಿನ ಸಚಿನ್ ಎಂಬ ಕೈಗಾರಿಕಾ ಪ್ರದೇಶದ ಪಕ್ಕದ ಕ್ಲಿನಿಕ್ಕಿನಲ್ಲಿ ಮೂರೇ ದಿನಕ್ಕೆ ಪಟ್ಟಿ ತುಂಬಿತು. ಬಣ್ಣದ ಕಾರ್ಖಾನೆಯವರು, ಮಗ್ಗದವರು, ಲಾರಿ ಓಡಿಸುವವರು ಸಾಲಾಗಿ ಬಂದರು. ಮೂರನೆಯ ದಿನ ಬಿಪಿ ಯಂತ್ರದ ಕೊಳವೆ ಪದೇ ಪದೇ ಕಳಚಿಕೊಳ್ಳುತ್ತಿತ್ತು. "ಅಯ್ಯೋ ನಿನ್ ಮನೆ ಕಾಯ್ವಾಗ" ಎಂದು ನಾನು ಗೊಣಗಿದ್ದಕ್ಕೆ ಎದುರು ಕುರ್ಚಿಯಲ್ಲಿದ್ದ ದಪ್ಪ ಮೀಸೆಯ ಮನುಷ್ಯ ನಕ್ಕ.

"ಮೇಡಂ, ಕನ್ನಡದಾಗ ಬೈದ್ರ ಅದಕ್ಕ ತಿಳಿಯಂಗಿಲ್ರಿ. ಗುಜರಾತಿ ಮಷೀನ್ ಐತ್ರಿ ಅದು."

ಅವರು ಬಾಗಲಕೋಟೆ ಕಡೆಯವರು, ಒಂದು ಬಟ್ಟೆ ಸಂಸ್ಕರಣಾ ಕಾರ್ಖಾನೆಯಲ್ಲಿ ಬಾಯ್ಲರ್ ಆಪರೇಟರು. ಐದು ನಿಮಿಷ ಮಾತಾಡದೆ ಕೂರಬೇಕು, ಪಾದ ನೆಲಕ್ಕೆ ಊರಬೇಕು, ಕೈ ಎದೆಯ ಮಟ್ಟಕ್ಕೆ ಇರಬೇಕು, ಮೂರು ಸಲ ಅಳೆದು ಮೊದಲನೆಯದನ್ನು ಬಿಡಬೇಕು ಎಂದು ನಾನು ವಿವರಿಸಿದಾಗ ಅವರಿಗೆ ಆಶ್ಚರ್ಯ.

"ನಾ ಹದಿನೈದು ವರ್ಷದಿಂದ ಪ್ರೆಶರ್ ನೋಡಾಕತ್ತೀನ್ರಿ. ಬಾಯ್ಲರಿಗೆ ಕುಂದ್ರು, ಮಾತಾಡಬ್ಯಾಡ ಅಂತ ಒಂದ್ ಸಲನೂ ಹೇಳಿಲ್ಲ."

"ಬಾಯ್ಲರಿಗೆ ನನ್ನ ಕಂಡರೆ ಗಾಬರಿ ಆಗಲ್ಲ. ನಿಮಗೆ ಆಗುತ್ತೆ."

ಅವರು ಸಹಿ ಹಾಕಿದರು. ಮನೆಯಲ್ಲಿ ಬೆಳಿಗ್ಗೆ ಸಂಜೆ ಅಳೆದು ಬರೆಯಲು ಎಲ್ಲರಿಗೂ ಕೊಡುವ ಹಾಗೆ ಅವರಿಗೂ ಒಂದು ಯಂತ್ರ, ಒಂದು ದಿನಚರಿ ಪುಸ್ತಕ, ಒಂದು ಮಾತ್ರೆ ಬಾಟಲಿ ಕೊಟ್ಟೆ.

ಮೊದಲ ತೊಂದರೆ ಎರಡನೆಯ ಭೇಟಿಯಲ್ಲೇ ಕಂಡಿತು. ಸಚಿನ್ನಿನ ಕ್ಲಿನಿಕ್ಕಿಗೆ ಕಾಲಿಟ್ಟರೆ ಬೆಂಚಿನ ಮೇಲೆ ಏಳು ಜನ ಸಾಲಾಗಿ ಕುಳಿತು ಒಬ್ಬರ ಬಾಟಲಿಯನ್ನು ಇನ್ನೊಬ್ಬರು ಮೂಸುತ್ತಿದ್ದಾರೆ. ನಡುವೆ ಬಾಯ್ಲರಿನವರು ಪಂಚಾಯಿತಿ ನಡೆಸುತ್ತಿದ್ದಾರೆ.

"ಬರ್ರಿ ಮೇಡಂ. ನಮ್ಮಾಗ ನಾಕ್ ಮಂದಿಗೆ ಖರೇ ಬೆಳ್ಳುಳ್ಳಿ ಬಂದೈತಿ. ಈ ಮೂವರಿಗೆ ಏನೂ ವಾಸನಿ ಇಲ್ಲ. ಪಾಪ, ಇವರಿಗೂ ಕೊಡ್ರಲಾ."

ಮಾತ್ರೆಗೆ ಲೇಪ ಇತ್ತು. ಆದರೂ ಬಾಟಲಿಯ ಮುಚ್ಚಳ ತೆಗೆದರೆ ಒಳಗೆ ಕೂಡಿಕೊಂಡಿದ್ದ ವಾಸನೆ ಸಣ್ಣಗೆ ಹೊರಗೆ ಬರುತ್ತಿತ್ತು. ಗುಟ್ಟು ಬಯಲಾದರೆ ಇಂಥ ಪರೀಕ್ಷೆಗೆ ಅರ್ಥವಿಲ್ಲ. ನಾನು ಅಂದೇ ನಮ್ಮ ಯೋಜನಾ ಮುಖ್ಯಸ್ಥರಿಗೆ ಫೋನ್ ಮಾಡಿದೆ.

"ಅರೇ ಯಾರ್, ಜನ ಏನು ಬೇಕಾದರೂ ಮೂಸುತ್ತಾರೆ," ಎಂದರು ಅವರು. "ಪ್ರತಿಯೊಬ್ಬರನ್ನೂ ಬೇರೆ ಬೇರೆ ಹೊತ್ತಿಗೆ ಕರೆಸು. ಸಣ್ಣ ಲೋಪ ಅಂತ ಬರೆದು ಮುಂದೆ ಹೋಗು."

ಸಣ್ಣ ಲೋಪ ಎಂಬ ಖಾನೆಯಲ್ಲಿ ಬರೆದು ಸಹಿ ಹಾಕಿದವಳು ನಾನೇ. ಬೇರೆ ಬೇರೆ ಹೊತ್ತಿಗೆ ಕರೆಸಿದ್ದೂ ಆಯಿತು. ಅಷ್ಟರಲ್ಲಿ ಚಳಿಗಾಲ ಬಂದು ಸೂರತ್ತಿನ ಮಾರುಕಟ್ಟೆಯಲ್ಲಿ ಹಸಿರು ಬೆಳ್ಳುಳ್ಳಿ ಕಟ್ಟುಗಳು ಬಿದ್ದವು. ಎಳೆ ಜೋಳದ ಪೋಂಕಿನ ಜೊತೆ ಬೆಳ್ಳುಳ್ಳಿ ಸೇವು, ಊಂಧಿಯು ಎಂಬ ಚಳಿಗಾಲದ ಪಲ್ಯದ ತುಂಬಾ ಹಸಿರು ಬೆಳ್ಳುಳ್ಳಿ. ಊಟದ ದಿನಚರಿಯಲ್ಲಿ ಒಬ್ಬ ಲಾರಿ ಚಾಲಕರು ಒಂದು ವಾರ ಪೂರ್ತಿ "ಊಂಧಿಯು, ಊಂಧಿಯು, ಮತ್ತೆ ಊಂಧಿಯು" ಎಂದಷ್ಟೇ ಬರೆದಿದ್ದರು. ನಮ್ಮ ಸಂಖ್ಯಾಶಾಸ್ತ್ರಜ್ಞ ಅದನ್ನು ನೋಡಿ, "ಸೂರತ್ತಿನಲ್ಲಿ ಹಿಟ್ಟಿನ ಮಾತ್ರೆಯವರೂ ನಮ್ಮ ಮಾತ್ರೆಯಲ್ಲಿರುವುದಕ್ಕಿಂತ ಹೆಚ್ಚು ಬೆಳ್ಳುಳ್ಳಿ ತಿನ್ನುತ್ತಿದ್ದಾರೆ" ಎಂದು ತಲೆ ಚಚ್ಚಿಕೊಂಡ. ನಾವಿಬ್ಬರೂ ನಕ್ಕೆವು. ಅದೂ ಸರಿಹೋಗುತ್ತದೆ, ಎಲ್ಲ ಗುಂಪಿನವರೂ ತಿನ್ನುತ್ತಾರಲ್ಲ ಎಂದುಕೊಂಡೆವು.

ಎಂಟನೆಯ ವಾರದ ರಕ್ತ ಪರೀಕ್ಷೆಯ ದಿನ ಪ್ರಯೋಗಾಲಯದಿಂದ ಫೋನ್ ಬಂತು. ಬಾಯ್ಲರಿನವರ ಕ್ರಿಯಾಟಿನಿನ್ ಮೇಲೇರಿತ್ತು. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಸ ರಕ್ತದಲ್ಲೇ ಉಳಿಯುತ್ತಿದೆ ಎಂಬುದರ ಗುರುತು ಅದು. ಶುರುವಿನಲ್ಲಿ ಒಂದರ ಆಸುಪಾಸಿನಲ್ಲಿ ಇದ್ದದ್ದು ಈಗ ಎರಡರ ಹತ್ತಿರ. ಮಾದರಿ ಅದಲುಬದಲಾಗಿರಬಹುದು ಎಂದು ಮರುದಿನ ಮತ್ತೆ ರಕ್ತ ತೆಗೆಸಿದೆವು. ಅದೇ ಅಂಕಿ ಬಂತು. ಸಚಿನ್ನಿನ ವೈದ್ಯರು ನಮ್ಮ ಮಾತ್ರೆಯನ್ನು ಆ ಕ್ಷಣವೇ ನಿಲ್ಲಿಸಿದರು.

"ಬೆಳ್ಳುಳ್ಳಿಯೇ ಕಾರಣ ಇರಬಹುದಾ?" ಎಂದು ಕೇಳಿದೆ.

"ಬೆಳ್ಳುಳ್ಳಿ ಇಷ್ಟು ಮಾಡಿದ್ದು ನಾನು ನೋಡಿಲ್ಲ. ಆದರೆ ಅವರು ಏನೂ ಹೇಳ್ತಿಲ್ಲ. ಎಲ್ಲ ಚೆನ್ನಾಗಿದೆ ಅಂತಾರೆ," ಎಂದರು ವೈದ್ಯರು. "ನೀವು ಅವರ ಭಾಷೆಯವರು. ಒಂದು ಸಲ ಮನೆಗೆ ಹೋಗಿ ಬನ್ನಿ."

ಅಹಮದಾಬಾದಿನ ಬೋಪಾಲ್ ಬಡಾವಣೆಯ ನನ್ನ ಫ್ಲ್ಯಾಟಿನಲ್ಲಿ ಕುಳಿತು ಅವರ ದಿನಚರಿಯ ಪುಟಗಳನ್ನು ಲ್ಯಾಪ್‌ಟಾಪಿನಲ್ಲಿ ತೆರೆದೆ. ಬೆಳಿಗ್ಗೆ ನೂರ ಇಪ್ಪತ್ತೆಂಟು, ಎಂಬತ್ತೆರಡು. ಸಂಜೆ ನೂರ ಇಪ್ಪತ್ತೆಂಟು, ಎಂಬತ್ತೆರಡು. ಮರುದಿನವೂ ಅದೇ. ಐದು ವಾರ ಅದೇ. ಪ್ರತಿ ಎರಡು ವಾರಕ್ಕೊಮ್ಮೆ ಈ ಪುಟಗಳ ಮೇಲೆ ನಾನೇ "ನೋಡಿದೆ" ಎಂದು ಗುರುತು ಹಾಕಿದ್ದೆ. ಅಷ್ಟು ಅಂದವಾಗಿ ಬರೆದಿದ್ದರಿಂದ ನೋಡಿರಲೇ ಇಲ್ಲ.

ಮರುದಿನ ಬೆಳಗಿನ ರೈಲು ಹಿಡಿದು ಸೂರತ್ತಿಗೆ ಹೋದೆ. ಸಚಿನ್ನಿನಲ್ಲಿ ಅವರದು ಎರಡು ಕೋಣೆಯ ಬಾಡಿಗೆ ಮನೆ. ಅವರ ಹೆಂಡತಿ ಬಾಗಿಲಲ್ಲೇ ನಿಂತು ಕಾಯುತ್ತಿದ್ದರು. ಕಾರ್ಖಾನೆಯ ಊಟದ ಮನೆಯಲ್ಲಿ ರೊಟ್ಟಿ ಮಾಡುವ ಕೆಲಸ ಅವರದು. ಬಿಸಿ ರೊಟ್ಟಿ ತಿನ್ನದೆ ಮಾತಿಲ್ಲ ಎಂದರು. ತಿಂದೆ.

ಕೈತೊಳೆದು ಬಂದು ಹೇಳಿದೆ: "ಈಗ ನೀವು ಬಾಯಿಗೆ ಹಾಕಿಕೊಳ್ಳೋ ಎಲ್ಲವನ್ನೂ ಈ ಚಾಪೆ ಮೇಲೆ ಇಡಿ. ಔಷಧಿ, ಕಷಾಯ, ಪುಡಿ, ಯಾರೋ ಕೊಟ್ಟದ್ದು, ಅಂಗಡಿಯಿಂದ ತಂದದ್ದು. ಒಂದನ್ನೂ ಬಿಡಬೇಡಿ."

ಅವರು ನಮ್ಮ ಬಾಟಲಿಯನ್ನಷ್ಟೇ ತಂದಿಟ್ಟರು. ಹೆಂಡತಿ ಒಳಗೆ ಹೋಗಿ ಕಪಾಟಿನಿಂದ ಒಂದು ಸ್ಟೀಲ್ ಡಬ್ಬಿ, ಒಂದು ಪ್ಲಾಸ್ಟಿಕ್ ಚೀಲ ತಂದರು. ಡಬ್ಬಿಯನ್ನು ಚಾಪೆಯ ಮೇಲಿಟ್ಟು, ಗಂಡನ ಮುಖ ನೋಡದೆ ಚೀಲವನ್ನು ನನ್ನ ಮುಂದೆ ಸುರಿದರು. ಬಿಪಿ ಮಾತ್ರೆಯ ಐದು ಪಟ್ಟಿಗಳು ಬಿದ್ದವು, ಒಂದರಿಂದಲೂ ಮಾತ್ರೆ ತೆಗೆದಿರಲಿಲ್ಲ. ಜೊತೆಗೆ ನೋವಿನ ಮಾತ್ರೆಯ ಪಟ್ಟಿಗಳು. ಅವುಗಳಲ್ಲಿ ಒಂದೂ ಉಳಿದಿರಲಿಲ್ಲ.

"ನಡಾ ಹಿಡ್ದೈತ್ರಿ," ಎಂದರು ಅವರು ನೆಲ ನೋಡುತ್ತಾ. "ಬಾಯ್ಲರಿಗೆ ಕಲ್ಲಿದ್ದಲು ಎಳಿಯೋ ಬೆಲ್ಟ್ ಕೆಟ್ಟು ಎರಡು ತಿಂಗಳಾತು. ಕೈಲೇ ತುಂಬಬೇಕು. ದಿನಾ ಎರಡು ಗುಳಿಗಿ ತಗೊಂಡ್ರ ಕೆಲಸ ನಡೀತೈತಿ."

"ಬಿಪಿ ಮಾತ್ರೆ?"

"ಬೆಳ್ಳುಳ್ಳಿ ಗುಳಿಗಿ ಚಾಲೂ ಆತಲ್ರಿ. ಎರಡೆರಡು ಯಾಕ? ನಂದು ಖರೇ ಬೆಳ್ಳುಳ್ಳಿ. ನಾನ ಮೂಸಿ ನೋಡೀನಿ."

ಬಾಟಲಿ ಮೂಸುವುದು ನನ್ನ ಕೆಲಸದ ನಿಯಮಕ್ಕೆ ವಿರುದ್ಧ. ಆದರೆ ಆ ಸ್ಟೀಲ್ ಡಬ್ಬಿ ತೆರೆದಾಗ ಮೂಗು ಮುಚ್ಚಿಕೊಳ್ಳಲು ಸಮಯ ಸಿಗಲಿಲ್ಲ. ಒಳಗೆ ಮುಕ್ಕಾಲು ಭಾಗ ಬೆಳ್ಳುಳ್ಳಿ ಶೇಂಗಾ ಚಟ್ನಿಪುಡಿ ಇತ್ತು. ಅದರ ನಡುವೆ ಬಾಟಲಿ ಕೂರುವಷ್ಟು ದುಂಡನೆಯ ಗುಳಿ. ಇರುವೆ ಹತ್ತಬಾರದೆಂದು ಮೊದಲ ದಿನದಿಂದಲೂ ಬಾಟಲಿಯನ್ನು ಅದರೊಳಗೆ ಇಟ್ಟಿದ್ದರಂತೆ. ಆ ಡಬ್ಬಿಯಲ್ಲಿ ಸೋಪು ಇಟ್ಟಿದ್ದರೂ ಬೆಳ್ಳುಳ್ಳಿಯಾಗಿಬಿಡುತ್ತಿತ್ತು.

ಐದು ನಿಮಿಷ ಸುಮ್ಮನೆ ಕೂರಿಸಿ ಮೂರು ಸಲ ಅಳೆದೆ. ಮೇಲಿನ ಅಂಕಿ ನೂರ ಎಪ್ಪತ್ತರಿಂದ ಇಳಿಯಲಿಲ್ಲ. ಯಂತ್ರವನ್ನು ಅವರ ಕಡೆ ತಿರುಗಿಸಿದೆ.

"ಬಾಯ್ಲರ್ ಗೇಜು ನೋಡದೆ ಲಾಗ್ ಬುಕ್ ಬರೆಯೋರನ್ನ ನೀವು ಏನು ಮಾಡ್ತೀರಿ?"

"ಹೊರಗ ಹಾಕ್ತೀನ್ರಿ," ಎಂದರು. ಆಮೇಲೆ ಮೆಲ್ಲಗೆ ಕೇಳಿದರು: "ಕಿಡ್ನಿ ಹೋತೇನ್ರಿ ಮೇಡಂ?"

ನಾನು ವೈದ್ಯೆಯಲ್ಲ, ಆ ಪ್ರಶ್ನೆಗೆ ಉತ್ತರ ಕೊಡುವ ಹಕ್ಕು ನನಗಿಲ್ಲ. ಅಲ್ಲಿಂದಲೇ ಸಚಿನ್ನಿನ ವೈದ್ಯರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಅವರು ಗುಜರಾತಿ ಬೆರೆತ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ನೋವಿನ ಮಾತ್ರೆ, ಏರಿದ ಬಿಪಿ, ಬಾಯ್ಲರ್ ಮುಂದಿನ ಬೆವರು, ಸಾಕಷ್ಟು ನೀರು ಕುಡಿಯದಿರುವುದು, ಇವೆಲ್ಲ ಸೇರಿ ಮೂತ್ರಪಿಂಡಕ್ಕೆ ಏಟು ಬಿದ್ದಿರಬಹುದು. ಹೊತ್ತು ಮೀರದೆ ಸಿಕ್ಕಿದೆ, ತಿರುಗಿ ಬರುವ ಸಾಧ್ಯತೆ ಚೆನ್ನಾಗಿದೆ. ಈಗಲೇ ಕ್ಲಿನಿಕ್ಕಿಗೆ ಬರಬೇಕು. ನೋವಿನ ಮಾತ್ರೆ ಇವತ್ತಿಗೆ ಮುಗಿಯಿತು. ಬಿಪಿಗೆ ಯಾವ ಮಾತ್ರೆ ಎಂದು ಪರೀಕ್ಷೆ ಮಾಡಿ ತಾವೇ ಬರೆಯುತ್ತಾರೆ. ಕಾರ್ಖಾನೆಗೆ ಹಗುರ ಕೆಲಸದ ಚೀಟಿಯನ್ನೂ ಅವರೇ ಕೊಡುತ್ತಾರೆ.

"ಬರೀ ಅಂಗಡಿ ಗುಳಿಗಿ ಸಲುವಾಗಿ ಇಷ್ಟೆಲ್ಲ?" ಎಂದು ಬಾಯ್ಲರಿನವರು ಅಂಗಿ ಹಾಕಿಕೊಂಡರು. ನಾವು ಮೂವರೂ ಒಂದೇ ಆಟೋದಲ್ಲಿ ಕ್ಲಿನಿಕ್ಕಿಗೆ ಹೋದೆವು.

ಅವರನ್ನು ಒಳಗೆ ಕಳಿಸಿ ಹೊರಗೆ ಕುಳಿತಾಗ ನನಗೆ ಹೊಳೆದದ್ದು ಬೇರೆ. ಬಾಟಲಿಯ ವಾಸನೆಯಿಂದ ನಮ್ಮ ಲೆಕ್ಕ ಕೆಡುತ್ತದೆ ಎಂದಷ್ಟೇ ನಾನು ಅಲ್ಲಿಯವರೆಗೆ ಅಂದುಕೊಂಡಿದ್ದೆ. ತನಗೆ ಬೆಳ್ಳುಳ್ಳಿ ಸಿಕ್ಕಿದೆ ಎಂದು ನಂಬಿದವನು ಬಿಪಿ ಮಾತ್ರೆ ಬಿಡಬಹುದು ಎಂಬುದು ಹೊಳೆದಿರಲಿಲ್ಲ. ಒಬ್ಬರು ಬಿಟ್ಟಿದ್ದರೆ ಇನ್ನೂ ಯಾರಾದರೂ ಬಿಟ್ಟಿರಬಹುದು. ಹೆಸರುಗಳ ಪಟ್ಟಿ ತೆಗೆದು ಮೂರೂ ಊರಿನವರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿದೆ. "ಬಿಪಿ ಮಾತ್ರೆ ತಗೊಳ್ತಿದ್ದೀರಾ?" ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. ಹಾಗಾಗಿ, "ಪಟ್ಟಿ ಕೈಯಲ್ಲಿ ಹಿಡಿದು ಉಳಿದಿರೋ ಮಾತ್ರೆ ಎಣಿಸಿ ಹೇಳಿ" ಎಂದು ಕೇಳಿದೆ. ಸಂಜೆಯೊಳಗೆ ಸೂರತ್ತಿನಲ್ಲಿ ಇನ್ನಿಬ್ಬರು, ವಡೋದರಾದಲ್ಲಿ ಒಬ್ಬರು ಸಿಕ್ಕಿದರು. ಲಾರಿ ಚಾಲಕರು, "ಲಸಣ್ ಬಂದ ಮೇಲೆ ಅರ್ಧ ಮಾಡಿಕೊಂಡೆ, ಬೆನ್" ಎಂದು ಸಂತೋಷದಿಂದಲೇ ಹೇಳಿದರು.

ಯೋಜನಾ ಮುಖ್ಯಸ್ಥರಿಗೆ ವಿಷಯ ತಿಳಿಸಿದೆ. "ನಾಲ್ಕು ಜನ ಹೇಳಿದ ಮಾತು ಕೇಳಲಿಲ್ಲ, ಅದು ನಮ್ಮ ತಪ್ಪಾ?" ಎಂದರು. "ಅವರನ್ನು ತೆಗೆದುಹಾಕು, ಉಳಿದದ್ದು ನಡೆಯಲಿ. ಈಗ ನಿಲ್ಲಿಸಿದರೆ ಇಡೀ ಚಳಿಗಾಲದ ಕೆಲಸ ನೀರಿಗೆ."

ಅವರದು ಕೆಟ್ಟ ಮನಸ್ಸಲ್ಲ. ಆ ಚಳಿಗಾಲದ ಕೆಲಸದಲ್ಲಿ ಅವರದೂ ನಿದ್ದೆ ಹೋಗಿತ್ತು, ನನ್ನದೂ. ವಾಪಸ್ಸಿನ ರೈಲು ವಡೋದರಾ ದಾಟುವವರೆಗೆ ಯೋಚಿಸಿದೆ. ಆಮೇಲೆ ಲ್ಯಾಪ್‌ಟಾಪ್ ತೆರೆದು ಸುರಕ್ಷತಾ ವೈದ್ಯೆಗೆ ನೇರವಾಗಿ ಬರೆದೆ. ಬಾಟಲಿಯ ವಾಸನೆಯನ್ನು ಸಣ್ಣ ಲೋಪ ಎಂದು ದಾಖಲಿಸಿದ್ದು ನನ್ನ ತಪ್ಪು. ಒಂದೇ ಅಂಕಿ ತುಂಬಿದ ದಿನಚರಿಯನ್ನು ಪ್ರಶ್ನಿಸದೆ ಗುರುತು ಹಾಕಿದ್ದೂ ನನ್ನ ತಪ್ಪು. ಮೂರೂ ಊರುಗಳಲ್ಲಿ ಪರೀಕ್ಷೆಯ ಮಾತ್ರೆ ಇಂದೇ ನಿಲ್ಲಿಸಬೇಕು, ಪ್ಯಾಕಿಂಗ್ ಬದಲಾಯಿಸಿ ಮೊದಲಿನಿಂದ ಶುರು ಮಾಡಬೇಕು. ಮುಖ್ಯಸ್ಥರಿಗೂ ಅದರ ಪ್ರತಿ ಹಾಕಿ ಕಳಿಸಿದೆ. ಕಳಿಸಿದ ಮೇಲೆ ಹಸಿವಾಯಿತು. ಆಣಂದ್ ನಿಲ್ದಾಣದಲ್ಲಿ ಎರಡು ದಾಲ್‌ವಡಾ ಪೊಟ್ಟಣ ಕೊಂಡು ಎರಡನ್ನೂ ಮುಗಿಸಿದೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲ ಕಡೆ ಮಾತ್ರೆ ನಿಂತಿತು. ನೈತಿಕ ಸಮಿತಿಗೂ ವರದಿ ಹೋಯಿತು. ಮುಖ್ಯಸ್ಥರು ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ನನ್ನ ಮೇಜಿನ ಬಳಿ ಬಂದು, "ಸರಿ, ಈಗ ವಾಸನೆ ಇಲ್ಲದ ಬೆಳ್ಳುಳ್ಳಿ ಎಲ್ಲಿಂದ ತರ್ತೀಯ ಹೇಳು," ಎಂದು ಕುರ್ಚಿ ಎಳೆದುಕೊಂಡು ಕುಳಿತರು.

ಅಲ್ಲಿಂದ ಮುಂದಿನದು ನನ್ನ ಕೆಲಸದ ಬದುಕಿನ ಅತ್ಯಂತ ಮಜಾ ಇದ್ದ ಆರು ವಾರಗಳು. ವಡೋದರಾದ ತಯಾರಿಕಾ ಘಟಕದವರು ಬಾಟಲಿ ಬಿಟ್ಟು ಒಂದೊಂದು ಮಾತ್ರೆಯನ್ನೂ ಬೇರೆ ಬೇರೆ ಮುಚ್ಚುವ ಅಲ್ಯೂಮಿನಿಯಂ ಹಾಳೆಪಟ್ಟಿಗೆ ಬದಲಾಯಿಸಿದರು. ವಾಸನೆ ನಿಜವಾಗಿ ಹೋಗಿದೆಯೇ ಎಂದು ಹೇಳುವವರು ಬೇಕಿತ್ತು. ಘಟಕದಲ್ಲಿ ದಿನವಿಡೀ ಬೆಳ್ಳುಳ್ಳಿ ಪುಡಿಯ ನಡುವೆ ಕೆಲಸ ಮಾಡುವವರ ಮೂಗು ಅದಕ್ಕೆ ಒಗ್ಗಿಹೋಗಿತ್ತು. ನನ್ನದೂ ಅಷ್ಟೇ. ಆಗ ಗಣಿತ ಶಿಕ್ಷಕಿ ನೆನಪಾದರು. ಹುಟ್ಟಿದಾಗಿನಿಂದ ಮನೆಗೆ ಬೆಳ್ಳುಳ್ಳಿ ತರದವರಿಗಿಂತ ಚುರುಕಾದ ಮೂಗು ಯಾರದಿದ್ದೀತು?

"ತಿನ್ನೋದು ಬೇಡ, ಮೂಸಿದರೆ ಸಾಕು," ಎಂದು ಹಿಂಜರಿಯುತ್ತಲೇ ಫೋನಿನಲ್ಲಿ ಹೇಳಿದೆ.

"ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಂದ ದಿನಾ ಮೂಸ್ತೀನಿ, ಬೆನ್. ಬರ್ತೀನಿ," ಎಂದರು. ನಮ್ಮ ಕಚೇರಿಗೆ ಬರುವಾಗ ಬೆಳಗಿನ ವಾಯುವಿಹಾರದ ಇಬ್ಬರು ಗೆಳತಿಯರನ್ನೂ ಕರೆತಂದರು.

ಪ್ರತಿ ಸಲ ಹಾಳೆಪಟ್ಟಿಯನ್ನು ಅದರ ರಟ್ಟಿನ ಡಬ್ಬಿಯ ಸಮೇತ ಹಾಕಿದ ಮೂರು ಕಾಗದದ ಲಕೋಟೆ ಕೊಡುತ್ತಿದ್ದೆವು. ಎರಡರಲ್ಲಿ ಒಂದೇ ಬಗೆಯ ಮಾತ್ರೆ, ಒಂದರಲ್ಲಿ ಬೇರೆ. ಬೇರೆ ಇರುವುದನ್ನು ಅವರು ಹುಡುಕಬೇಕು. ಮೊದಲ ಸುತ್ತಿನಲ್ಲಿ ಶಿಕ್ಷಕಿ ಲಕೋಟೆ ಮುಟ್ಟುವ ಮೊದಲೇ ಬೆರಳು ತೋರಿಸಿದರು. ಲೇಪ ದಪ್ಪ ಮಾಡಿಸಿದೆವು. ಆಗ ಮೂಗಿನ ಹತ್ತಿರ ತಂದು ಹೇಳಿದರು. ಇನ್ನೂ ಒಂದು ಪದರ ಹಾಕಿಸಿದೆವು. ಗೆಳತಿಯರು ಸೋತರು, ಶಿಕ್ಷಕಿ ಸೋಲಲಿಲ್ಲ. ಈಗ ವಾಸನೆ ಮಾತ್ರೆಯದಲ್ಲ, ರಟ್ಟಿನ ಡಬ್ಬಿಯದು ಎಂದು ಪತ್ತೆಯಾಯಿತು. ಬೆಳ್ಳುಳ್ಳಿ ಮಾತ್ರೆಯ ಡಬ್ಬಿಗಳು ಅವನ್ನು ತುಂಬುವ ಕೋಣೆಯ ಗಾಳಿಯನ್ನು ಹೀರಿಕೊಂಡಿದ್ದವು.

ಇದಕ್ಕೆ ಉಪಾಯ ಹೇಳಿದ್ದು ವಡೋದರಾದ ಪ್ಯಾಕಿಂಗ್ ವಿಭಾಗದ ಹಿರಿಯ ಹೆಂಗಸು. "ಡಬ್ಬಿಯಿಂದ ವಾಸನೆ ತೆಗೆಯೋಕೆ ಯಾಕೆ ಇಷ್ಟು ಒದ್ದಾಡ್ತೀರಿ? ಹಾಳೆಪಟ್ಟಿ ಮುಚ್ಚಿದ ಮೇಲೆ ಎರಡೂ ಥರದ ಡಬ್ಬಿನ ಒಂದೇ ಕೋಣೇಲಿ ಎಂಟು ದಿನ ಇಡಿ. ಎಲ್ಲವೂ ಒಂದೇ ಥರ ನಾರುತ್ತೆ."

ಹಾಗೇ ಮಾಡಿದೆವು. ಕೊನೆಯ ಸುತ್ತಿನಲ್ಲಿ ಶಿಕ್ಷಕಿ ಮೂರೂ ಲಕೋಟೆಗಳನ್ನು ಮತ್ತೆ ಮತ್ತೆ ತಿರುಗಿಸಿ ಮೂಸಿದರು, ಕಿಟಕಿಯ ಬಳಿ ಹೋಗಿ ಗಾಳಿ ಕುಡಿದು ಬಂದು ಮತ್ತೆ ಮೂಸಿದರು. ಹನ್ನೆರಡು ಸಲದಲ್ಲಿ ಬರೀ ಊಹೆಯಿಂದ ಎಷ್ಟು ಸರಿಬರುತ್ತದೋ ಅಷ್ಟೇ ಸರಿಬಂತು. ಅದನ್ನು ಲೆಕ್ಕ ಹಾಕಿ ಹೇಳಿದ್ದೂ ಅವರೇ. "ಫೇಲ್ ಆದೆ," ಎಂದರು. ನಲವತ್ತು ವರ್ಷ ಮಕ್ಕಳನ್ನು ಪಾಸು ಮಾಡಿಸಿದವರ ಮುಖದಲ್ಲಿ ಅಷ್ಟು ಖುಷಿಯ ಸೋಲನ್ನು ನಾನು ನಿರೀಕ್ಷಿಸಿರಲಿಲ್ಲ. ನಮ್ಮ ಮುಖ್ಯಸ್ಥರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಬಾಯ್ಲರಿನವರ ಕ್ರಿಯಾಟಿನಿನ್ ವಾರದಿಂದ ವಾರಕ್ಕೆ ಇಳಿಯುತ್ತಿತ್ತು. ಆರನೆಯ ವಾರಕ್ಕೆ ಹೆಚ್ಚುಕಡಿಮೆ ಮೊದಲಿದ್ದಲ್ಲಿಗೆ ಬಂದು ನಿಂತಿತು. ಬಿಪಿಯೂ ಹಿಡಿತಕ್ಕೆ ಬಂತು. ಹೊಸ ಪರೀಕ್ಷೆಗೆ ಅವರನ್ನು ಸೇರಿಸಿಕೊಳ್ಳುವಂತಿರಲಿಲ್ಲ, ನಿಯಮ ಒಪ್ಪುವುದಿಲ್ಲ. ಸಚಿನ್ನಿನಲ್ಲಿ ಹೊಸಬರನ್ನು ಸೇರಿಸಿಕೊಳ್ಳುವ ದಿನವೇ ಅವರ ಕೊನೆಯ ತಪಾಸಣೆ ಇತ್ತು. ಅವರ ಲಕೋಟೆಯನ್ನು ಸುರಕ್ಷತಾ ವೈದ್ಯೆ ಮೊದಲೇ ತೆರೆದಿದ್ದರು, ಅದರಲ್ಲೇನಿತ್ತೆಂದು ಅವರಿಗೆ ತಿಳಿಸಲು ಒಪ್ಪಿಗೆಯನ್ನೂ ಕೊಟ್ಟಿದ್ದರು.

"ನಿಮ್ಮದು ಹಿಟ್ಟು," ಎಂದೆ.

"ಏನ್ ಹಿಟ್ಟು?"

"ಬರೀ ಹಿಟ್ಟಿನ ಮಾತ್ರೆ. ಬೆಳ್ಳುಳ್ಳಿ ಒಂಚೂರೂ ಇರಲಿಲ್ಲ. ವಾಸನೆ ನಿಮ್ಮ ಚಟ್ನಿಪುಡಿದು."

ಅವರ ಬಾಯಿ ತೆರೆದದ್ದು ತೆರೆದೇ ಇತ್ತು. ಪಕ್ಕದಲ್ಲಿದ್ದ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. "ಹಿಟ್ಟು ತಿಂದ ಇಷ್ಟು ಹಾರಾಡಿದ್ರು! ಖರೇ ಬೆಳ್ಳುಳ್ಳಿ ಸಿಕ್ಕಿದ್ರ ನಮ್ಮ ಕೈಗೆ ಸಿಗ್ತಿದ್ದಿಲ್ಲ ಬಿಡ್ರಿ." ಅವರ ನಗು ನೋಡಿ ಗಂಡನಿಗೂ ತಡೆಯಲಾಗಲಿಲ್ಲ. ಬಿಪಿ ಅಳೆಯಲು ಮತ್ತೆ ಐದು ನಿಮಿಷ ಕಾಯಬೇಕಾಯಿತು.

ಹೊರಡುವಾಗ ಅವರು ಬಾಗಿಲ ಬಳಿ ತಡೆದು ನಿಂತರು. ಹೊರಗಿನ ಬೆಂಚಿನ ಮೇಲೆ ಹೊಸಬರು ಎಂಟು ಜನ ಕುಳಿತಿದ್ದರು.

"ಇವರಿಗೆ ಒಂದ್ ಮಾತು ಹೇಳ್ಲ್ಯಾ ಮೇಡಂ?"

ನಾನು ಬೇಡ ಎನ್ನುವ ಮೊದಲೇ ಅವರು ಹೋಗಿ ಅವರೆದುರು ನಿಂತಿದ್ದರು. ತಮ್ಮ ಸೂರತ್ತಿನ ಹಿಂದಿಯಲ್ಲಿ ಜೋರಾಗಿ ಹೇಳಿದರು: "ಕೇಳ್ರಪ್ಪಾ. ಇವರು ಕೊಡೋ ಮಾತ್ರೆಯಲ್ಲಿ ಏನಿದೆ ಅಂತ ಇವರಿಗೇ ಗೊತ್ತಿಲ್ಲ. ನಿಮ್ಮ ಬಿಪಿ ಮಾತ್ರೆಯಲ್ಲಿ ಏನಿದೆ ಅಂತ ಡಾಕ್ಟರಿಗೆ ಗೊತ್ತಿದೆ. ಗೊತ್ತಿರೋದನ್ನ ಬಿಡಬೇಡಿ."

ನಮ್ಮ ಒಪ್ಪಿಗೆ ಪತ್ರದಲ್ಲಿ ಇದೇ ವಿಷಯ ಒಂದೂವರೆ ಪುಟ ಇದೆ. ಎಂಟು ಜನರೂ ತಲೆಯಾಡಿಸಿದರು. ನಾನು ಪತ್ರವನ್ನು ಮೊದಲ ಸಾಲಿನಿಂದ ಓದಲು ಶುರುಮಾಡಿದೆ.